ಮಿತಪಾನಿಯ ಲೆಕ್ಕ

ನಮ್ಮ ಸೀಮೆಯವರಿಗೆ ಒಟ್ಟುದರದ ವ್ಯವಹಾರವು ಹೊಸತಲ್ಲ. ಎಲೆಯ ಮುಂದೆ ಕುಳಿತವನಿಗೆ ಒಂದೇ ಬೆಲೆ. ಅವನು ಒಂದು ಹಿಡಿ ಅನ್ನವನ್ನುಣ್ಣಲಿ, ನಾಲ್ಕು ಬಾರಿ ಬಡಿಸಿಕೊಳ್ಳಲಿ, ಗಲ್ಲೆಯಲ್ಲಿ ಕುಳಿತ ಯಜಮಾನನು ಅದನ್ನು ಎಣಿಸುವುದಿಲ್ಲ. ಉಡುಪಿಯ ಹೆಸರನ್ನು ಹೊತ್ತು ಮದರಾಸು, ಮುಂಬಯಿಗಳಿಗೆ ಹೋದ ನಮ್ಮವರು ಈ ಪದ್ಧತಿಯನ್ನೂ ಜೊತೆಯಲ್ಲಿಯೇ ಒಯ್ದರು. ಆದರೆ ಅವರಲ್ಲಿ ಬುದ್ಧಿವಂತರು ಅಲ್ಪಾಹಾರಿಯನ್ನು ಮರೆಯಲಿಲ್ಲ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಮಿತವಾದ ಊಟಕ್ಕೊಂದು ದರ, ಬೇಕಾದಷ್ಟು ಉಣ್ಣುವವನಿಗೆ ಇನ್ನೊಂದು ದರ. ತನ್ನ ಹೊಟ್ಟೆಯನ್ನು ತಾನೇ ಅಳೆದುಕೊಂಡು ಬಾಗಿಲೊಳಗೆ ಕಾಲಿಡಬಹುದು. ಅಲ್ಲದೆ ಅನ್ನಕ್ಕೆ ಪ್ರಕೃತಿಯೇ ಒಂದು ಕಾವಲುಗಾರನನ್ನು ಇಟ್ಟಿದೆ. ಎಷ್ಟೇ ಅಗ್ಗವಾಗಿ ದೊರೆತರೂ ನಾಲ್ಕನೆಯ ಸಲ ಹೊಟ್ಟೆಯೇ ಸಾಕೆನ್ನುವುದು. ಮದ್ಯಕ್ಕೆ ಆ ಕಾವಲುಗಾರನಿಲ್ಲ. ಮೊದಲನೆಯ ಲೋಟವು ಎರಡನೆಯದನ್ನು ಕೈಬೀಸಿ ಕರೆಯುವುದೆಂಬುದು ಲೋಕಾನುಭವ. ಹಾಗಿರುವಲ್ಲಿ ಊಟದ ನ್ಯಾಯವನ್ನು ಕುಡಿತಕ್ಕೂ ಅನ್ವಯಿಸಿದರೆ ಏನಾದೀತು? ಈ ಪ್ರಶ್ನೆಯು ನನ್ನನ್ನು ಕಾಡಿದುದು 2023ರ ಡಿಸೆಂಬರ ತಿಂಗಳಿನಲ್ಲಿ, ಒಂದು ವಿಹಾರನೌಕೆಯ ದೆಸೆಯಿಂದ.

ವಿಹಾರನೌಕೆಯೆಂದರೆ ಊರಿಗೆ ಮುಟ್ಟಿಸುವ ಹಡಗಲ್ಲ. ತಿರುಗಿಸಿ ಹೊರಟಲ್ಲಿಗೇ ತಂದು ಬಿಡುವ ಹಡಗು. ನಮ್ಮ ಹಿರಿಯರು ಮುಂಬಯಿಗೆ ಹೋಗುತ್ತಿದ್ದ ಆಗಬೋಟಿನಲ್ಲಿ ಚಾಪೆ, ಬುತ್ತಿ, ನೀರಿನ ತಂಬಿಗೆಗಳೆಲ್ಲ ಅವರವರವೇ; ಹಡಗಿನವನಿಗೆ ಕೊಡುವುದು ಹಾದಿಯ ಕೂಲಿ ಮಾತ್ರ. ಇಂದಿನ ನೌಕೆಗಳಲ್ಲಿ ಹಾದಿಯೇ ನೆಪ. ಇಂತಹ ಹಡಗುಗಳು ಮಳೆಗಾಲ ಕಳೆದ ಮೇಲೆ ಹೊಸ ಮಂಗಳೂರು ಬಂದರಕ್ಕೂ ಬರುತ್ತವೆ. ಅವುಗಳಿಂದಿಳಿದ ಬಿಳಿಯ ಟೊಪ್ಪಿಗೆಯ ಮುದುಕರು ಬಸ್ಸುಗಳಲ್ಲಿ ಬಂದು, ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ನಮ್ಮ ಕಾರ್ಕಳದ 42 ಅಡಿಯ ಗೊಮ್ಮಟನೆದುರು ಬೆವರೊರಸಿಕೊಳ್ಳುತ್ತ ನಿಲ್ಲುವುದನ್ನು ನಾನು ಹಲವು ಸಲ ನೋಡಿದ್ದೇನೆ. 2021ರಲ್ಲಿ ಕೊರ್ಡೇಲಿಯ ಎಂಬ ಕಂಪೆನಿಯು ಮುಂಬಯಿಯಿಂದಲೇ ಇಂತಹ ಯಾತ್ರೆಗಳನ್ನು ಆರಂಭಿಸಿದ ಮೇಲೆ ನಮ್ಮ ಕಡೆಯ ಕುಟುಂಬಗಳೂ ಹಡಗು ಹತ್ತತೊಡಗಿದವು. ನಮ್ಮನ್ನು ಹತ್ತಿಸಿದವಳು ದುಬಾಯಿಯಲ್ಲಿರುವ ಮಗಳು. ಅಲ್ಲಿಂದ ಹೊರಟು ಅಬುಧಾಬಿ, ದೋಹಾಗಳನ್ನು ಮುಟ್ಟಿ ಮರಳುವ ಏಳು ದಿನಗಳ ಯಾತ್ರೆ. ಮಗಳು, ಅಳಿಯ, ಮೊಮ್ಮಗು ಒಂದು ಕೋಣೆ; ನನ್ನ ಹೆಂಡತಿಯೂ ಅವಳ ತಂಗಿಯೂ ಇನ್ನೊಂದು; ಮೂರನೆಯದರಲ್ಲಿ ನಾನೂ ನನ್ನ ಹೆಂಡತಿಯ ಅಣ್ಣನಾದ ಭಾವನವರೂ.

ಹಡಗಿನ ದರದಲ್ಲಿ ಊಟ, ಹಾಸಿಗೆ, ಆಟಪಾಟಗಳೆಲ್ಲ ಅಡಕ. ಮದ್ಯವು ಮಾತ್ರ ಬೇರೆ. ಅದನ್ನು ಲೋಟದ ಲೆಕ್ಕದಲ್ಲಿ ಕೊಳ್ಳಬಹುದು, ಇಲ್ಲವೆ ‘ಪಾನೀಯ ಪ್ಯಾಕೇಜು’ ಎಂಬ ಒಟ್ಟುದರವನ್ನು ಮುಂಗಡ ತೆತ್ತು ಬೇಕೆಂದಾಗಲೆಲ್ಲ ಕೈಚಾಚಬಹುದು. ಕೇಳುವುದಕ್ಕೆ ಇಂಪಾಗಿದೆ. ಆದರೆ ಅದರ ಬೆನ್ನ ಹಿಂದೆ ನಿಬಂಧನೆಗಳ ಒಂದು ಬಾಲವುಂಟು. ಸಾಮಾನ್ಯವಾಗಿ ಅದನ್ನು ಯಾತ್ರೆಯ ಎಲ್ಲ ದಿನಗಳಿಗೂ ಕೊಳ್ಳಬೇಕು. ಹಗಲೆಲ್ಲ ಊರು ನೋಡಲು ಇಳಿದು ಹೋದ ದಿನಕ್ಕೂ ಬಿಡುಗಡೆಯಿಲ್ಲ. ದರದ ಮೇಲೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಸೇವಾಶುಲ್ಕ. ಎಲ್ಲಕ್ಕಿಂತ ವಿಚಿತ್ರವಾದುದು, ಒಂದು ಕೋಣೆಯಲ್ಲಿರುವ ವಯಸ್ಕರಲ್ಲಿ ಒಬ್ಬನು ಪ್ಯಾಕೇಜು ಕೊಂಡರೆ ಮತ್ತೊಬ್ಬನೂ ಕೊಳ್ಳಬೇಕೆಂಬ ಕಟ್ಟಳೆ. ಒಬ್ಬನ ಹೆಸರಿನಲ್ಲಿ ಇಬ್ಬರು ಕುಡಿದಾರೆಂಬ ಭಯ ಕಂಪೆನಿಯವರಿಗೆ. ಈ ಭಯವು ನಿರಾಧಾರವೆಂದು ಮನುಷ್ಯಸ್ವಭಾವವನ್ನು ಬಲ್ಲವರಾರೂ ಹೇಳಲಾರರು. ಕಾರ್ನಿವಲ್ ಎಂಬ ಅಮೆರಿಕದ ಕಂಪೆನಿಯಂತೂ ತನ್ನ ಪ್ಯಾಕೇಜಿನವರು ಒಂದು ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಮದ್ಯದ ಲೋಟಗಳನ್ನು ಪಡೆಯಬಾರದೆಂದು ವಿಧಿಸಿದೆ. ಹದಿನೈದೆಂಬ ಮೇರೆಯನ್ನು ಹಾಕಬೇಕಾಯಿತೆಂದರೆ ಅದನ್ನು ದಾಟುವವರೂ ಇದ್ದಾರೆಂದಾಯಿತು!

ನಾನು ಮಿತಪಾನಿ. ವಾರದಲ್ಲಿ ನಾಲ್ಕೈದು ಸಂಜೆ ಊಟಕ್ಕೆ ಮುಂಚೆ ಒಂದು ಲೋಟ ಕೆಂಪು ವೈನು, ಅದಕ್ಕಿಂತ ಹೆಚ್ಚಿಲ್ಲ. ಮೇಷ್ಟರಾಗಿ ಮೂವತ್ತೈದು ವರ್ಷ ಗಣಿತ ಕಲಿಸಿದವನಾದುದರಿಂದ ಕಾಗದ, ಪೆನ್ಸಿಲುಗಳನ್ನು ಹಿಡಿದು ಕುಳಿತೆನು. ನಮಗೆ ತಿಳಿಸಿದ ದರ ದಿನಕ್ಕೆ 60 ಡಾಲರು. ಶೇಕಡಾ 18ರ ಸೇವಾಶುಲ್ಕ ಕೂಡಿ 70 ಡಾಲರು 80 ಸೆಂಟು. ಏಳು ದಿನಕ್ಕೆ 495 ಡಾಲರು 60 ಸೆಂಟು. ಕೋಣೆಯ ಇಬ್ಬರಿಗೆ 991 ಡಾಲರು 20 ಸೆಂಟು. ಬಿಡಿಯಾಗಿ ಕೊಂಡರೆ ಒಂದು ಲೋಟ ವೈನು 11 ಡಾಲರು, ಶುಲ್ಕ ಕೂಡಿ 13ಕ್ಕೆ ಎರಡು ಸೆಂಟು ಕಡಿಮೆ. ದಿನಕ್ಕೊಂದರಂತೆ ಏಳು ದಿನವೂ ಕುಡಿದರೆ 91 ಡಾಲರು ತುಂಬುವುದಿಲ್ಲ. ಒಬ್ಬನೇ ಪ್ಯಾಕೇಜು ಕೊಂಡರೆ ಅದು ಗಿಟ್ಟಬೇಕಾದರೆ ದಿನಕ್ಕೆ ಆರು ಲೋಟ ಬೇಕು. ಇಬ್ಬರ ಹಣವನ್ನು ತೆತ್ತು ಒಬ್ಬನೇ ಕುಡಿಯುವುದಾದರೆ ಹನ್ನೊಂದು! ನೀರು, ಸಾಧಾರಣವಾದ ಚಹಾ, ಕಾಫಿಗಳು ಊಟದ ಮನೆಯಲ್ಲಿ ಹೇಗೂ ಬಿಟ್ಟಿ. ಇನ್ನೊಂದು ಹಾದಿಯೂ ಇದೆ: ಹಲವು ಕಂಪೆನಿಗಳು ಹಡಗು ಹತ್ತುವ ದಿನ ವಯಸ್ಕನೊಬ್ಬನಿಗೆ 750 ಮಿಲಿಲೀಟರಿನ ಒಂದು ಬಾಟಲಿ ವೈನನ್ನು ಜೊತೆಗೆ ತರಲು ಬಿಡುತ್ತವೆ. 150ರ ಲೋಟದಲ್ಲಿ ಅಳೆದರೆ ಐದು ಲೋಟ. ನನ್ನಂಥವನ ವಾರಕ್ಕೆ ಬಹುಮಟ್ಟಿಗೆ ಅದೇ ಸಾಕು. ಅದನ್ನು ಕೋಣೆಯಲ್ಲಿಟ್ಟುಕೊಂಡರೆ ಮುಗಿಯಿತು. ಆದರೆ ನನ್ನ ಕೋಣೆಯಲ್ಲಿ ಬಾಟಲಿಯನ್ನಿಡುವಂತಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಒಟ್ಟುದರವು ಮನುಷ್ಯನನ್ನು ಏನು ಮಾಡುವುದೆಂಬುದನ್ನು ನಾನು ಮೊದಲು ಕೇಳಿದುದು ಅಜ್ಜನ ಬಾಯಿಂದ. ಅವರು ಕಾಪುವಿನ ತೋಟಗಳಲ್ಲಿ ಮೂರ್ತೆ ಮಾಡುತ್ತಿದ್ದವರು. ಆಗ ನಮ್ಮ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1886ರ ಅಬಕಾರಿ ಕಾಯಿದೆಯ ಕಾಲ. ಸರಕಾರದವರು ಇಳಿಸಿದ ಕಳ್ಳನ್ನು ಅಳೆದು ಸುಂಕ ಹಾಕುತ್ತಿರಲಿಲ್ಲ. ಮರಕ್ಕೆ ಇಷ್ಟೆಂದು ಹಾಕುತ್ತಿದ್ದರು. ತೆಂಗಿನ ಮರಕ್ಕೆ ಆರು ತಿಂಗಳ ಸುಂಕ ಕಟ್ಟಿದರೆ ಮರದ ಮೇಲೆ ಅಂಕೆ ಬೀಳುವುದು. ಆಮೇಲೆ ಅದು ಒಂದು ಕುಡ್ತೆ ಕೊಡಲಿ, ಬುರುಡೆ ತುಂಬ ಕೊಡಲಿ, ಸರಕಾರಕ್ಕೆ ಸಂಬಂಧವಿಲ್ಲ. “ಅಂಕೆ ಬಿದ್ದ ಮರ ಮನುಷ್ಯನನ್ನು ಏರಿಸುತ್ತದೆ” ಎನ್ನುತ್ತಿದ್ದರು ಅಜ್ಜ. ಜ್ವರವಿದ್ದರೂ ಏರಬೇಕು, ಮಳೆ ಹೊಯ್ಯುತ್ತಿದ್ದರೂ ಏರಬೇಕು. ಏರದ ಹೊತ್ತಿನ ಸುಂಕವು ಎದೆಯ ಮೇಲೆ ಕುಳಿತಿರುತ್ತದೆ. ಬಡಮರಕ್ಕೆ ಸುಂಕ ಕಟ್ಟುವವರಿಲ್ಲ. ಒಳ್ಳೆಯ ಮರಕ್ಕೆ ವಿಶ್ರಾಂತಿಯಿಲ್ಲ. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಈ ಕಸುಬನ್ನೂ ಕುಡಿತವನ್ನೂ ಬಿಡಬೇಕೆಂದು ಬೋಧಿಸಿದವರು. ಅಜ್ಜನು ಗುರುಗಳಿಗೆ ಕೈಮುಗಿದು, ಮರುದಿನ ಬೆಳಗ್ಗೆ ಮರವನ್ನೂ ಏರುತ್ತಿದ್ದನು, ಸುಂಕ ಕಟ್ಟಿಯಾಗಿತ್ತಲ್ಲ! 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಮೊದಲಾದ ಪಾನನಿರೋಧವು 1948ರಲ್ಲಿ ಇಡೀ ಪ್ರಾಂತವನ್ನು ವ್ಯಾಪಿಸಿದಾಗ ಅವರು ಕತ್ತಿಯನ್ನು ಮಾಡಿಗೆ ಸಿಕ್ಕಿಸಿಟ್ಟರು. ಮನೆಯ ಗಂಡಸರು ಒಬ್ಬೊಬ್ಬರಾಗಿ ಮುಂಬಯಿಯ ದಾರಿ ಹಿಡಿದರು.

ಭಾವನವರೂ ಹಾಗೆಯೇ ಹೋದವರು, ಒಂದು ತಲೆಮಾರಿನ ಅನಂತರ. ಹದಿನೇಳರ ಹರೆಯದಲ್ಲಿ ಒಂದು ಪರ್ಮಿಟ್ ರೂಮಿನಲ್ಲಿ ಮೇಜು ಒರಸುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷಗಳಲ್ಲಿ ಕೌಂಟರಿನ ಒಳಗೆ ನಿಲ್ಲುವವರಾದರು. ಮೂವತ್ತು ಮಿಲಿಲೀಟರು, ಅರವತ್ತು ಮಿಲಿಲೀಟರು ಎಂದು ಜನರಿಗೆ ಅಳೆದು ಸುರಿಯುತ್ತ, ಮುಚ್ಚುವ ಹೊತ್ತಿಗೆ ತಮಗೂ ಸುರಿದುಕೊಳ್ಳತೊಡಗಿದರು; ಕೊನೆಗೆ ಅಳೆಯುವುದನ್ನು ಬಿಟ್ಟರು. ಊರಿಗೆ ಮರಳಿದಾಗ ಕಾಲು ಬಾತಿತ್ತು, ಕಣ್ಣು ಹಳದಿಗಟ್ಟಿತ್ತು. ಮಣಿಪಾಲದ ಕಡೆಯ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಮಲಗಿದ್ದರು. ವೈದ್ಯರು ಹೇಳಿದುದು ಒಂದೇ ಮಾತು: ಇನ್ನು ಒಂದು ತೊಟ್ಟೂ ಕೂಡದು. ಅದು 2014ನೆಯ ಇಸವಿ. ಅಂದಿನಿಂದ ಕಾಪುವಿನಲ್ಲಿ, 1901ರ ದೀಪಸ್ತಂಭದ ಬೆಳಕು ಬೀಳುವಷ್ಟು ದೂರದಲ್ಲಿರುವ ಮನೆಯಲ್ಲಿ, ತೊಟ್ಟೂ ಮುಟ್ಟದೆ ಇದ್ದರು. ಅತ್ತಿಗೆ ತೀರಿಕೊಂಡ ವರ್ಷದಲ್ಲಿಯೂ ಮುಟ್ಟಲಿಲ್ಲ. ಇಂತಹವರು ನನ್ನ ಕೋಣೆಯ ಸಂಗಾತಿ.

ಅಳಿಯನಿಗೆ ಇದೆಲ್ಲ ಪೂರ್ತಿ ತಿಳಿಯದು. ಅವನು ಪ್ರೀತಿಯಿಂದಲೇ ಹೇಳಿದನು: “ಮಾವ, ದುಡ್ಡಿನ ಲೆಕ್ಕ ನೀವು ನೋಡಬೇಡಿ. ಪ್ರತಿಯೊಂದು ಲೋಟಕ್ಕೂ ಬೆಲೆಯನ್ನು ನೆನೆಯುತ್ತ ಕುಳಿತರೆ ರಜೆಯ ಸುಖವೇನು? ಇಬ್ಬರಿಗೂ ತೆಗೆದುಬಿಡುತ್ತೇನೆ, ದೊಡ್ಡ ಮಾವ ಕುಡಿಯದಿದ್ದರೆ ಬೇಡ, ಹಣ್ಣಿನ ರಸವೂ ಅದರಲ್ಲೇ ಬರುತ್ತದೆ.” ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಬೆಲೆಯನ್ನು ಮರೆಯುವುದೂ ಒಂದು ಸುಖವೇ. ಅದಕ್ಕೆ ಹಣ ಕೊಡಲು ಸಿದ್ಧರಿರುವವರು ಕೊಡಲಿ. ನಾನು ಉತ್ತರ ಹುಡುಕುತ್ತಿರುವಾಗ ಜಗಲಿಯ ತುದಿಯಲ್ಲಿ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಿದ್ದ ಭಾವನವರೇ ಬಾಯಿ ತೆರೆದರು.

“ನಾನು ಬಾರಿನಲ್ಲಿ ಮೂವತ್ತು ವರ್ಷ ನಿಂತವ, ಮಗಾ. ಗಿರಾಕಿ ಏಳುವುದು ಯಾವಾಗ ಗೊತ್ತುಂಟಾ? ಹೊಟ್ಟೆ ತುಂಬಿದಾಗ ಅಲ್ಲ, ತಲೆ ತಿರುಗಿದಾಗಲೂ ಅಲ್ಲ. ಬಿಲ್ಲು ಬಂದಾಗ. ಬಿಲ್ಲೇ ಬಾರದಿದ್ದರೆ ಅವನನ್ನು ಏಳಿಸುವವರು ಯಾರು?”

ಅಳಿಯನು ಸುಮ್ಮನಾದನು. ಪ್ಯಾಕೇಜಿನ ಮಾತು ಅಲ್ಲಿಗೆ ನಿಂತಿತು. ಬಾಟಲಿಯ ಮಾತನ್ನು ನಾನು ಎತ್ತಲೇ ಇಲ್ಲ.

ಹಡಗಿನ ವೈಭವವನ್ನು ವರ್ಣಿಸಿ ವಾಚಕರ ತಾಳ್ಮೆಯನ್ನು ಪರೀಕ್ಷಿಸಲಾರೆನು. ಅದು ಅರಮನೆಯೂ ಹೌದು, ಜಾತ್ರೆಯೂ ಹೌದು. ನನ್ನ ಕಣ್ಣು ಹೋದುದು ಪ್ಯಾಕೇಜಿನವರ ಕಡೆಗೆ. ಬೆಳಗ್ಗೆ ಹನ್ನೊಂದು ಗಂಟೆಗೇ ಈಜುಕೊಳದ ಪಕ್ಕದಲ್ಲಿ ಒಬ್ಬ ಗೃಹಸ್ಥನು ಬೇಸರದ ಮೋರೆಯಿಂದ ಮೂರನೆಯ ಲೋಟವನ್ನು ಮುಗಿಸುತ್ತಿದ್ದನು. ಅವನ ಮುಖದಲ್ಲಿ ನನಗೆ ಅಂಕೆ ಬಿದ್ದ ಮರವನ್ನು ಏರುವ ಅಜ್ಜನ ದಣಿವು ಕಂಡಿತು. ಅಜ್ಜನಾದರೂ ಹೊಟ್ಟೆಪಾಡಿಗೆ ಏರುತ್ತಿದ್ದನು. ಅರ್ಧ ಕುಡಿದು ಬಿಟ್ಟ ಲೋಟಗಳು ಮೇಜುಗಳ ಮೇಲೆ ಸಾಲುಗಟ್ಟಿರುತ್ತಿದ್ದವು. ಕಂಪೆನಿಗೆ ಇದರಿಂದ ನಷ್ಟವಾಗುವುದೆಂದು ತಿಳಿಯಬೇಡಿರಿ. ಲೋಟದೊಳಗಿನ ದ್ರವಕ್ಕೆ ಅವರಿಗೆ ತಗಲುವ ವೆಚ್ಚ ಬೆಲೆಯ ಸಣ್ಣ ಅಂಶವೆಂದು ಭಾವನವರು ಕಸುಬುದಾರರ ಗತ್ತಿನಿಂದ ವಿವರಿಸಿದರು. ಹನ್ನೆರಡು ಕುಡಿಯುವವನ ಪಕ್ಕದಲ್ಲಿ ಎರಡು ಕುಡಿಯುವವರು ನಾಲ್ವರಿದ್ದರೆ ಐವರಿಗೂ ಸೇರಿ ಒಬ್ಬೊಬ್ಬನಿಗೆ ನಾಲ್ಕು ಲೋಟ. ಆದರೆ ತೆತ್ತಿರುವುದು ಸುಮಾರು ಐದೂವರೆಯ ಹಣ. ಮಿತಪಾನಿಯೇ ಈ ಹಡಗಿನ ನಿಜವಾದ ದಾನಿ.

ನಾಲ್ಕನೆಯ ರಾತ್ರಿ ಹನ್ನೆರಡರ ಹೊತ್ತಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಬರಿದಾಗಿತ್ತು. ಸ್ವಲ್ಪ ಕಾದೆನು, ಬರಲಿಲ್ಲ. ಅಂಗಿಯನ್ನು ತೊಟ್ಟು ಮಹಡಿಯಿಂದ ಮಹಡಿಗೆ ಹುಡುಕುತ್ತ ಹೋದೆನು. ಮೇಲಣ ತಟ್ಟಿನ ತೆರೆದ ಬಾರಿನಲ್ಲಿ, ಕೌಂಟರಿಗೆ ತಾಗಿದ ಎತ್ತರದ ಪೀಠದ ಮೇಲೆ ಅವರು ಕುಳಿತಿದ್ದರು. ಮುಂದೆ ಒಂದು ಲೋಟ. ನನ್ನ ಕಾಲುಗಳು ಅಲ್ಲಿಯೇ ನಿಂತವು. ಅವರು ತಿರುಗಿ ನೋಡಿ, ನನ್ನ ಮುಖವನ್ನು ಓದಿಕೊಂಡು, ಲೋಟವನ್ನು ನನ್ನ ಕಡೆಗೆ ಸರಿಸಿದರು. ನಿಂಬೆ ಸೋಡಾ.

“ಈ ಹುಡುಗ ಅಳತೆಯಿಲ್ಲದೆ ಕೈಯಂದಾಜಿನಲ್ಲಿ ಸುರಿಯುತ್ತಾನೆ ಭಾವ. ನಮ್ಮಲ್ಲಿ ಹೀಗೆ ಸುರಿದರೆ ಅದೇ ದಿನ ಕೆಲಸ ಹೋಗುತ್ತಿತ್ತು” ಎಂದರು. ಸ್ವಲ್ಪ ಹೊತ್ತು ಕಳೆದ ಮೇಲೆ, ಕಡಲಿನ ಕಡೆಗೆ ನೋಡುತ್ತ, ತುಳುವಿನಲ್ಲಿ ಮೆಲ್ಲನೆ ಹೇಳಿದರು: “ನಿದ್ದೆ ಬರಲಿಲ್ಲ. ಬಂದು ಕುಳಿತೆ. ವಿಸ್ಕಿ ಕೇಳಿಯೂ ಆಯಿತು. ಪ್ಯಾಕೇಜು ಉಂಟಾ ಎಂದು ಕೇಳಿದ. ಇಲ್ಲವೆಂದೆ. ಹಾಗಾದರೆ ಕಾರ್ಡು ಕೊಡಿ, ಇಷ್ಟಾಗುತ್ತದೆ ಎಂದ. ಕೋಣೆಯ ಕಾರ್ಡನ್ನು ಕಿಸೆಯಿಂದ ತೆಗೆಯುವಷ್ಟು ಹೊತ್ತು ಸಿಕ್ಕಿತು ನೋಡಿ. ಅಷ್ಟರಲ್ಲಿ ಬೇಡ ಅನ್ನಿಸಿತು.”

ನಾನು ಪಕ್ಕದ ಪೀಠವನ್ನೇರಿ ಕುಳಿತು ನನಗೂ ಒಂದು ನಿಂಬೆ ಸೋಡಾ ಹೇಳಿದೆನು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ದೂರದಲ್ಲಿ ಎಣ್ಣೆಬಾವಿಯ ದೀಪಗಳು ಉರಿಯುತ್ತಿದ್ದವು. ಅವನ್ನು ಮೀನುಗಾರರ ದೋಣಿಗಳೆಂದೇ ಅವರು ವಾದಿಸಿದರು.

ಕೊನೆಯ ದಿನದ ಬೆಳಗ್ಗೆ ಕೋಣೆಯ ಲೆಕ್ಕದ ಚೀಟಿಯು ಬಾಗಿಲ ಅಡಿಯಿಂದ ಒಳಗೆ ಬಂದು ಬಿದ್ದಿತ್ತು. ವೈನು ಐದು ಲೋಟ, ನಿಂಬೆ ಸೋಡಾ ನಾಲ್ಕು. ಶುಲ್ಕ ಕೂಡಿ 83 ಡಾಲರು 78 ಸೆಂಟು. ಭಾವನವರು ಕನ್ನಡಕವನ್ನೇರಿಸಿ, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ, ಹಳೆಯ ಅಭ್ಯಾಸದಂತೆ ಎರಡು ಸಲ ಕೂಡಿಸಿದರು. “ಸರಿಯಾಗಿದೆ” ಎಂದರು. ಚೀಟಿಯನ್ನು ನಾಲ್ಕಾಗಿ ಮಡಚಿ, “ಇದು ನನ್ನ ಹತ್ತಿರ ಇರಲಿ ಭಾವ” ಎಂದು ಕಿಸೆಗೆ ಸೇರಿಸಿಕೊಂಡರು.