ಮುಖಕ್ಕೆ ಹಚ್ಚುವ ಮುನ್ನ

ಕಳೆದ ಮಾಗಿಯಲ್ಲಿ ಸೊರಬದಿಂದ ನಮ್ಮ ತಂಗಿಯ ಮಗಳು ಶಿಕಾರಿಪುರದ ನಮ್ಮ ಮನೆಗೆ ಬಂದಳು. ಅವಳ ಲಗ್ನ ಗೊತ್ತಾಗಿ ಎರಡು ತಿಂಗಳಾಗಿತ್ತು. ಬಾಗಿಲಲ್ಲಿ ಅವಳ ಮುಖ ಕಂಡು ನಾವು ಗಾಬರಿಯಾದೆವು. ಕೆನ್ನೆಗಳು ಸುಟ್ಟಂತೆ ಕೆಂಪಾಗಿದ್ದವು. ಗಲ್ಲದ ತುಂಬ ಗುಳ್ಳೆಗಳೆದ್ದಿದ್ದವು. “ಕ್ರೀಮ್ ಬಿಟ್ಟ ನಾಲ್ಕೇ ದಿನಕ್ಕೆ ಹೀಗಾಯಿತು ದೊಡ್ಡಮ್ಮ, ಹಚ್ಚಿದರೆ ಮತ್ತೆ ಸರಿಹೋಗುತ್ತದೆ” ಎಂದಳು.

ಆ ಕ್ರೀಮನ್ನು ಹಚ್ಚಿಕೊಳ್ಳಲು ಹೇಳಿದವರು ಬೇರೆ ಯಾರೂ ಅಲ್ಲ, ನಾವೇ. ವರನ ಕಡೆಯ ಹಿರಿಯರು “ಹುಡುಗಿ ಸ್ವಲ್ಪ ಕಪ್ಪು” ಎಂದು ಮಾತಾಡಿಕೊಂಡದ್ದು ನಮ್ಮ ಕಿವಿಗೆ ಬಿದ್ದಿತ್ತು. ಪರಿಚಿತರ ಮಗಳೊಬ್ಬಳಿಗೆ ಗುಣ ಕಂಡಿತೆಂದು ಕೇಳಿ, ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತರಿಸಿಕೊಟ್ಟಿದ್ದೆವು. ಎರಡು ವಾರದಲ್ಲಿ ಮುಖ ಬೆಳ್ಳಗಾದುದನ್ನು ಕಂಡು ಹಿಗ್ಗಿದವರೂ ನಾವೇ.

ಮರುದಿನ ಶಿವಮೊಗ್ಗದ ಚರ್ಮರೋಗ ತಜ್ಞರ ಬಳಿಗೆ ಹೋದೆವು. ಅವರು ಟ್ಯೂಬನ್ನು ತಿರುಗಿಸಿ ನೋಡಿ, “ಅಮ್ಮಾ, ಇದು ಸೌಂದರ್ಯ ಸಾಧನವಲ್ಲ, ಔಷಧ” ಎಂದರು. ಅದರಲ್ಲಿ ಮೂರು ವಸ್ತುಗಳಿದ್ದವು. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಟ್ರೆಟಿನಾಯಿನ್ ‘ಎ’ ಜೀವಸತ್ವದ ಬಳಗದ್ದು. ಹಳೆಯ ಪದರವನ್ನು ಬೇಗ ಉದುರಿಸುತ್ತದೆ, ಬಿಸಿಲಿಗೆ ಚರ್ಮವನ್ನು ನಾಜೂಕು ಮಾಡುತ್ತದೆ, ಗರ್ಭಿಣಿಯರಿಗೆ ಸಲ್ಲದು. ಮೂರನೆಯದಾದ ಮೊಮೆಟಾಸೋನ್ ಸ್ಟಿರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮುಖ ಬಿಳಿಚಿಕೊಂಡು ಬೆಳ್ಳಗೆ ಕಾಣುತ್ತದೆ. ಆದರೆ ದಿನಗಳೆದಂತೆ ಚರ್ಮ ತೆಳುವಾಗುತ್ತದೆ. ಬಿಟ್ಟೊಡನೆ ಕೆಂಪು, ಉರಿ, ಗುಳ್ಳೆ ಇಮ್ಮಡಿಯಾಗಿ ಮರಳುತ್ತವೆ. ಬಂಗು ಬಂದವರಿಗೆ ಕೆಲವೇ ವಾರಗಳ ಮಟ್ಟಿಗೆ ವೈದ್ಯರು ಬರೆದುಕೊಡುವ ಮದ್ದನ್ನು ನಾವು ಆರೋಗ್ಯವಂತ ಹುಡುಗಿಗೆ ಮೂರು ತಿಂಗಳು ಹಚ್ಚಿಸಿದ್ದೆವು. ಇಂತಹ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ವಿಧಿಸಿದೆ ಎಂಬುದು ನಮಗೆ ಆಗ ತಿಳಿದಿರಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ಮುಖಕ್ಕೆ, ಮೈಗೆ ಹಚ್ಚುವ ಪ್ರತಿಯೊಂದರಲ್ಲೂ ಏನಿದೆ, ಅದು ಏನು ಮಾಡುತ್ತದೆ ಎಂದು ನೋಡುವ ರೂಢಿ ಬಂದಿದೆ. ಬಚ್ಚಲ ಗೂಡಿನ ಹಳೆಯ ಡಬ್ಬಿಗಳನ್ನೂ ಅಂಗಡಿಯ ಡಬ್ಬಿಗಳನ್ನೂ ಒಟ್ಟಿಗಿಟ್ಟು ನೋಡಿದಾಗ, ಹೆಸರು ನೂರಿದ್ದರೂ ಮುಖ್ಯ ಕೆಲಸ ಮೂರೇ ಎಂದು ಕಂಡಿತು: ಕೊಳೆ ತೊಳೆಯುವುದು, ತೇವ ಉಳಿಸುವುದು, ಬಿಸಿಲು ತಡೆಯುವುದು.

ಮೊದಲನೆಯದು ತೊಳೆಯುವುದು. ಸೀಗೆ, ಅಂಟುವಾಳಗಳಲ್ಲಿ ನೊರೆ ಕೊಡುವ ಸತ್ವವಿದೆ. ಕಡಲೆಹಿಟ್ಟು ಜಿಡ್ಡನ್ನು ಹೀರುತ್ತದೆ. ಸಾಬೂನು ಚೆನ್ನಾಗಿ ತೊಳೆಯುತ್ತದೆ. ಆದರೆ ಚರ್ಮದ ಗುಣ ತುಸು ಹುಳಿ, ಸಾಬೂನಿನದು ಕ್ಷಾರ. ಮಿಂದ ಮೇಲೆ ಮೈ ಬಿಗಿದಂತಾಗುವುದು ಇದರಿಂದಲೇ. ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಕೊಬ್ಬಿನಂಶವನ್ನು ಮುದ್ರಿಸಿರುತ್ತಾರೆ. ಅದು ಶೇಕಡಾ 76ಕ್ಕೆ ಕಡಿಮೆಯಿಲ್ಲದಿದ್ದರೆ ಮೊದಲ ದರ್ಜೆ.

ಎರಡನೆಯದು ತೇವ. ನಮ್ಮ ತವರು ಸೊರಬ ಸೀಮೆಯಲ್ಲಿ ಅವ್ವ ಮುರುಗಲ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸೌಟಿನಿಂದ ತೆಗೆದು ಗಟ್ಟಿಯಾಗಲು ಬಿಡುತ್ತಿದ್ದರು. ಅದೇ ಮುರುಗಲ ತುಪ್ಪ. ಚಳಿಗೆ ಒಡೆದ ಹಿಮ್ಮಡಿಗೂ ತುಟಿಗೂ ಅದನ್ನೇ ತಿಕ್ಕುತ್ತಿದ್ದೆವು. ಇಂದು ಬೆಲೆಬಾಳುವ ಕ್ರೀಮುಗಳ ಪಟ್ಟಿಯಲ್ಲಿ ‘ಗಾರ್ಸೀನಿಯಾ ಇಂಡಿಕಾ’ ಎಂದು ಕಾಣುವುದು ಇದೇ ಮುರುಗಲು! ಪೆಟ್ರೋಲಿಯಂ ಜೆಲ್ಲಿಯ ಕೆಲಸವೂ ಅದರಂತೆಯೇ: ಚರ್ಮವನ್ನು ಮುಚ್ಚಿ, ಒಳಗಿನ ನೀರು ಆರದಂತೆ ಕಾಯುವುದು. ಗ್ಲಿಸರಿನ್ ನೀರನ್ನು ಸೆಳೆದು ಹಿಡಿಯುತ್ತದೆ. ಆದ್ದರಿಂದ ಒದ್ದೆ ಆರುವ ಮುನ್ನ ಹಚ್ಚಿ, ಮೇಲೆ ತುಸು ಜಿಡ್ಡು ಸವರುವುದು ಒಳ್ಳೆಯದು. ಕೊಬ್ಬರಿ ಎಣ್ಣೆ ಮೈಗೆ ಹಿತ. ಮೊಡವೆಯ ಮುಖಕ್ಕೆ ಮಾತ್ರ ಬೇಡ, ಅದು ರಂಧ್ರಗಳನ್ನು ಮುಚ್ಚುತ್ತದೆ.

ಮೂರನೆಯದಾದ ಬಿಸಿಲಿನ ವಿಷಯದಲ್ಲಿ ಬಚ್ಚಲ ಗೂಡಿನ ಡಬ್ಬಿಗಳು ಸೋಲುತ್ತವೆಂದು ಒಪ್ಪಲೇಬೇಕು. ಅರಿಶಿನವಾಗಲಿ ಗಂಧವಾಗಲಿ ಬಿಸಿಲನ್ನು ತಡೆಯಲಾರವು. ಅಂಗಡಿಯ ಕ್ರೀಮಿನಲ್ಲಿರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಆ ಕೆಲಸವನ್ನು ನಿಜವಾಗಿ ಮಾಡುತ್ತವೆ. ಗದ್ದೆಗೆ ಹೋಗುವವರಿಗೆ ತಲೆಯ ಮೇಲಿನ ಸೆರಗು, ಹಾಳೆಯ ಟೋಪಿ, ಕೊಡೆಗಳೂ ಅಷ್ಟೇ ಮುಖ್ಯ.

ಇನ್ನು ಗಂಧ. ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ನಾಡಿಗೆಲ್ಲ ಹೆಸರಾದದ್ದು. ಶಿವಮೊಗ್ಗದಲ್ಲಿ 1944ರಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆಯಾಯಿತು. ಗಂಧದ ಮೇಲೆ ನಮಗಿರುವ ಅಭಿಮಾನ ಸಹಜವೇ. ಆದರೂ ಪರಿಮಳವೇ ಚಿಕಿತ್ಸೆಯಲ್ಲ; ಕೆಲವರಿಗೆ ಪರಿಮಳ ದ್ರವ್ಯಗಳಿಂದಲೇ ತುರಿಕೆ ಏಳುತ್ತದೆ. ಮನೆಯದೆಲ್ಲ ನಿರಪಾಯವೆಂಬುದೂ ಸರಿಯಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮುಖ ಸುಟ್ಟು ಕಪ್ಪು ಕಲೆ ನಿಲ್ಲುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಕೈ ಹೇಗಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅದೂ ಗಿಡದಿಂದ ಬಂದದ್ದೇ!

ಡಬ್ಬಿಯ ಮೇಲಿನ ಪಟ್ಟಿಯನ್ನು ಓದುವುದು ಕಷ್ಟವಲ್ಲ. ಹೆಚ್ಚು ಪ್ರಮಾಣದ ವಸ್ತು ಮೊದಲು, ಕಡಿಮೆಯದು ಅನಂತರ. ಶೇಕಡಾ ಒಂದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಭಾಗದಲ್ಲಿ ಕೇಸರಿಯ ಚಿತ್ರವಿದ್ದು ಪಟ್ಟಿಯ ತುದಿಯಲ್ಲಿ ಕೇಸರಿಯ ಹೆಸರಿದ್ದರೆ ಅದು ಎಷ್ಟಿದೆಯೆಂದು ಊಹಿಸಿಕೊಳ್ಳಬಹುದು. ‘ಆರ್‌ಎಕ್ಸ್’ ಎಂಬ ಗುರುತಿದ್ದರೆ ಅದು ಔಷಧ. ವೈದ್ಯರನ್ನು ಕೇಳದೆ ಮುಟ್ಟಬಾರದು. ಪಟ್ಟಿಯೇ ಇಲ್ಲದ, ವಾರದಲ್ಲಿ ಬಿಳುಪು ಕೊಡುವೆನೆನ್ನುವ ಡಬ್ಬಿಯನ್ನು ಮನೆಯೊಳಗೆ ತರಲೇಬಾರದು. ಅಂತಹವುಗಳಲ್ಲಿ ಪಾದರಸ ಸಿಕ್ಕಿರುವುದುಂಟು. ಹೊಸದೇನನ್ನಾದರೂ ಮೊದಲು ಮೊಣಕೈ ಒಳಬದಿಗೆ ಕೆಲವು ದಿನ ಹಚ್ಚಿ ನೋಡುವುದು ಕ್ಷೇಮ.

ನಮ್ಮ ಹುಡುಗಿಗೆ ವೈದ್ಯರು ನಿಧಾನವಾಗಿ ಮದ್ದು ಬಿಡಿಸಿದರು. ಲಗ್ನದ ದಿನವೂ ಕೆನ್ನೆಯ ಕೆಂಪು ಪೂರ್ತಿ ಹೋಗಿರಲಿಲ್ಲ. ವರನಿಗೆ ಮುಂಚೆಯೇ ಸಂಗತಿ ತಿಳಿಸಿದ್ದೆವು. “ಬಣ್ಣದ ಮಾತು ನಾನು ಆಡಿದ್ದಲ್ಲ, ಮೊದಲು ಉರಿ ಕಡಿಮೆಯಾಗಲಿ” ಎಂದರು. ಆ ಮಾತನ್ನು ಆಡಿದವರು, ಕೇಳಿ ಹೆದರಿದವರು ಇಬ್ಬರೂ ಹಿರಿಯರಾದ ನಾವೇ ಆಗಿದ್ದೆವು.

ಅಕ್ಕಮಹಾದೇವಿಯ ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ದೇಹದ ಅಲಂಕಾರವನ್ನೆಲ್ಲ ತೊರೆದ ತಾಯಿಯ ನಾಡಿನವರೆಂದು ಹೆಮ್ಮೆಪಡುವ ನಾವು, ಸೊಸೆಯನ್ನು ಆರಿಸುವಾಗ ಮೈಬಣ್ಣ ನೋಡುತ್ತೇವೆ. ವಧು ಬೇಕೆಂಬ ಪ್ರಕಟಣೆಯಲ್ಲಿ ‘ಬೆಳ್ಳಗಿರಬೇಕು’ ಎಂದು ಬರೆಸುತ್ತೇವೆ. ಓದುಗ ಬಂಧುಗಳು ಅಂತಹ ಪ್ರಕಟಣೆ ಬರೆಯುವಾಗ ಆ ಒಂದು ಪದವನ್ನು ಬಿಟ್ಟುಬಿಡಲಿ ಎಂದು ಕೇಳಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಇನ್ನು ಮುಂದೆ ಅದನ್ನು ಬರೆಯುವುದಿಲ್ಲ.