ಫೆಬ್ರವರಿಯ ನೂರು ರೂಪಾಯಿ

ಸಂಬಳ ಲೆಕ್ಕ ಹಾಕೋ ಆ ಫಂಕ್ಷನ್ ಎಂಟುನೂರು ಸಾಲಿತ್ತು. ಬಂದವರೆಲ್ಲ ಒಂದೊಂದು ‘ಇಫ್’ ತುರುಕಿ ಹೋಗಿದ್ದರು. ‘ಓಡ್ತಾ ಇದೆಯಲ್ಲ, ಮುಟ್ಟಬೇಡಪ್ಪಾ’ ಅಂದರು ನಮ್ಮ ಲೀಡ್. ನಾನೋ, ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಪುಸ್ತಕವನ್ನು ಆಗಷ್ಟೇ ಅರ್ಧ ಓದಿದ್ದೆ. ಅರ್ಧ ಓದಿದವನ ಉತ್ಸಾಹ ಗೊತ್ತಲ್ಲ!

ಒಂದು ವಾರ ಕೂತು ಅದನ್ನು ಇಪ್ಪತ್ತು ಪುಟ್ಟ ಫಂಕ್ಷನ್‌ಗಳಾಗಿ ಒಡೆದೆ. ‘ಎಕ್ಸ್2’ ಅಂತಿದ್ದದ್ದಕ್ಕೆ ಅರ್ಥವಾಗೋ ಹೆಸರಿಟ್ಟೆ. ನಡುವೆ ಒಂದು ಇಫ್ ಸಿಕ್ಕಿತು: ಶಾಖೆ 4, ತಿಂಗಳು 2 ಆಗಿದ್ದರೆ ವೃತ್ತಿ ತೆರಿಗೆಗೆ 100 ಕೂಡಿಸು. ಬೆಂಗಳೂರಿನಲ್ಲಿ ಆಗ ವರ್ಷವಿಡೀ ತಿಂಗಳಿಗೆ 200 ಅಷ್ಟೇ. ಯಾರದೋ ಹಳೇ ಗೋಜಲು ಅಂದುಕೊಂಡು ಅಳಿಸಿದೆ. ಟೆಸ್ಟ್ ಅಂತ ಒಂದೂ ಇರಲಿಲ್ಲ. ಬರೆಯೋ ತಾಳ್ಮೆ ನನಗೂ ಇರಲಿಲ್ಲ.

ಫೆಬ್ರವರಿ ಸಂಬಳವಾದ ಮೇಲೆ ಪುಣೆ ಶಾಖೆಯ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. ಸಂವಿಧಾನದ ಪ್ರಕಾರ ವೃತ್ತಿ ತೆರಿಗೆ ವರ್ಷಕ್ಕೆ 2,500 ದಾಟುವಂತಿಲ್ಲ. ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳು 200, ಫೆಬ್ರವರಿಗೆ 300 ಹಿಡಿದು ಆ ಗೆರೆ ಮುಟ್ಟಿಸುತ್ತಾರೆ. ‘ನೂರು ರೂಪಾಯಿ ಪ್ರಶ್ನೆ ಅಲ್ಲ ಸರ್, ಇಲ್ಲಿ ಅಷ್ಟೂ ಜನಕ್ಕೆ ನಾನು ಉತ್ತರ ಹೇಳಬೇಕು’ ಅಂದರು.

ಹೊರಗಿನ ನಡವಳಿಕೆ ಬದಲಾಗದಂತೆ ಒಳಗಿನ ರಚನೆ ತಿದ್ದುವುದು ರಿಫ್ಯಾಕ್ಟರಿಂಗ್. ನಾನು ಮಾಡಿದ್ದು ಅದಲ್ಲ. ಲೀಡ್ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅವತ್ತು ಸಂಜೆಯೇ ಹಳೇ ಸಂಬಳಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಟೆಸ್ಟ್ ಬರೆಯಲು ಕೂತೆ.

2025ರ ಏಪ್ರಿಲ್‌ನಿಂದ ನಿಯಮ ಬದಲಾಗಿ ಕರ್ನಾಟಕದಲ್ಲೂ ಫೆಬ್ರವರಿಗೆ 300 ಆಯಿತು. ಈ ಸಲ ಒಂದು ಪುಟ್ಟ ಫಂಕ್ಷನ್ನಿನಲ್ಲಿ ಒಂದೇ ಸಾಲು ಬದಲಿಸಿದೆ, ಟೆಸ್ಟ್ ಬರೆದ ಮೇಲೆ. ಆದರೂ ಫೆಬ್ರವರಿ ಸಂಬಳದ ದಿನ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.