'ಅಡ್ಜಸ್ಟ್' ಎಂಬ ಕ್ರಿಯಾಪದ

ಇಂಗ್ಲಿಷಿನ ಕ್ರಿಯಾಪದಗಳು ನಮ್ಮ ಊರಿಗೆ ಬಂದು ನೆಲಸಿದ್ದು ಇಂದು ನಿನ್ನೆಯ ಮಾತಲ್ಲ. ಹಾಗೆ ಬಂದವುಗಳಲ್ಲಿ ಬೆಂಗಳೂರಿನವರಿಗೆ ಮನೆಯ ಮಗನಂತೆಯೇ ಆಗಿಹೋಗಿರುವುದು 'ಅಡ್ಜಸ್ಟ್'. ಜಯನಗರ, ಬನಶಂಕರಿಗಳಲ್ಲಿದ್ದುಕೊಂಡು ಒಂದು ದಿನವಿಡೀ ಈ ಶಬ್ದವನ್ನು ಕೇಳದೆ ಕಳೆದವರಿದ್ದರೆ, ಅವರು ಅಂದು ಮನೆಯಿಂದ ಹೊರಗೆ ಹೋಗಿರಲಾರರು. ಮನೆಯ ಒಳಗೂ ಇದ್ದಿರಲಾರರು.

ಭಾನುವಾರಗಳಂದು ನಮ್ಮ ಮನೆಗೆ ಕನ್ನಡ ಕಲಿಯಲು ಒಬ್ಬ ಹುಡುಗ ಬರುತ್ತಾನೆ. ಬಿಹಾರದ ಕಡೆಯವನು, ಬಿ.ಟಿ.ಎಂ. ಬಡಾವಣೆಯ ಒಂದು ಪಿ.ಜಿ.ಯಲ್ಲಿ ವಾಸ, ಕಂಪ್ಯೂಟರಿನ ಕೆಲಸ. ಮೊದಲನೆಯ ದಿನ, "ನಿನಗೆ ಈಗಾಗಲೇ ಬರುವ ಕನ್ನಡ ಮಾತುಗಳನ್ನು ಹೇಳಪ್ಪ" ಎಂದೆ. ಬೆರಳು ಮಡಿಸುತ್ತ ಹೇಳಿದ: "ಬನ್ನಿ, ಊಟ, ಎಷ್ಟು, ಸ್ವಲ್ಪ, ಅಡ್ಜಸ್ಟ್."

ಕಡೆಯದು ಇಂಗ್ಲಿಷಲ್ಲವೇ ಎಂದರೆ ಆತ ಒಪ್ಪಲೊಲ್ಲ. ಇಂಗ್ಲಿಷಿನ ಅಡ್ಜಸ್ಟ್ ಅವನಿಗೂ ಗೊತ್ತಂತೆ. ಅಲ್ಲಿ ಕನ್ನಡಕವನ್ನು ಅಡ್ಜಸ್ಟ್ ಮಾಡುತ್ತಾರೆ, ಕುರ್ಚಿಯ ಎತ್ತರವನ್ನು ಮಾಡುತ್ತಾರೆ. ಇಲ್ಲಿಯದು ಬೇರೆ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದರೆ ಅಡ್ಜಸ್ಟ್, ಅಂಗಡಿಯವನು ಎರಡು ರೂಪಾಯಿ ಚಿಲ್ಲರೆಗೆ ಬದಲು ಚಾಕೊಲೆಟ್ ಕೈಗಿಟ್ಟರೆ ಅಡ್ಜಸ್ಟ್, ಪಿ.ಜಿ.ಯ ಯಜಮಾನ ಇಬ್ಬರಿದ್ದ ಕೋಣೆಗೆ ಮೂರನೆಯ ಮಂಚ ತಂದು ಹಾಕಿದಾಗಲೂ ಅಡ್ಜಸ್ಟ್. "ಸ್ವಲ್ಪ ಎಂದರೆ ಎಷ್ಟು ಎಂದು ಮಾತ್ರ ನನಗಿನ್ನೂ ತಿಳಿದಿಲ್ಲ ಮೇಡಂ" ಎಂದ.

ಹುಡುಗ ನಿಘಂಟನ್ನು ತೆರೆಯದೆ, ಪ್ರಯೋಗದಿಂದಲೇ ಅರ್ಥವನ್ನು ಹಿಡಿದಿದ್ದ. ಎರವಲು ಬಂದ ಶಬ್ದಗಳಿಗೆಂದೇ 'ಎರವಲು ಪದಕೋಶ'ವನ್ನು ರಚಿಸಿದ, 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಸಂದೇಹಗಳನ್ನು ಬಿಡಿಸಿದ ಜಿ. ವೆಂಕಟಸುಬ್ಬಯ್ಯನವರು ನಮ್ಮ ಜಯನಗರದವರೇ. ನೂರೇಳು ವರ್ಷ ತುಂಬು ಬಾಳು ಬಾಳಿ 2021ರಲ್ಲಿ ತೀರಿಕೊಂಡರು. ಅವರಿದ್ದಿದ್ದರೆ ಈ ಶಿಷ್ಯನನ್ನು ಒಮ್ಮೆ ಅವರಲ್ಲಿಗೆ ಕರೆದೊಯ್ಯಬಹುದಾಗಿತ್ತು.

ಶಬ್ದದ ಮೂಲವನ್ನು ಹುಡುಕಿದರೆ ಬಸ್ಸಿನವರ ಪ್ರಯೋಗಕ್ಕೇ ಹೆಚ್ಚು ಬಲವಿದೆಯೆಂದು ತೋರುತ್ತದೆ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಮಾತಿನ ಬೇರು ಲ್ಯಾಟಿನ್ನಿನ 'ಜುಕ್ಸ್‌ಟಾ'. ಎಂದರೆ ಹತ್ತಿರ, ಪಕ್ಕದಲ್ಲಿ. ಹತ್ತಿರಕ್ಕೆ ತರುವುದು ಎಂಬುದೇ ಇದರ ಮೊದಲ ಅರ್ಥ. ನ್ಯಾಯವನ್ನು ಹೇಳುವ 'ಜಸ್ಟ್' ಎಂಬ ಶಬ್ದದೊಡನೆ ಇದಕ್ಕೆ ಹುಟ್ಟಿನ ನಂಟಿಲ್ಲ. ಧ್ವನಿಯ ಹೋಲಿಕೆಯಿಂದ ಜನ ಆಮೇಲೆ ಗಂಟುಹಾಕಿದ್ದು. ಚುನಾವಣೆ ಬಂದಾಗ ಪತ್ರಿಕೆಗಳು ಬರೆಯುವ 'ಅಡ್ಜಸ್ಟ್‌ಮೆಂಟ್ ರಾಜಕೀಯ'ವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇನ್ನು ವ್ಯಾಕರಣ. ಸಂಸ್ಕೃತದ ಶಬ್ದಗಳಿಗೆ ನಾವು 'ಇಸು' ಹಚ್ಚಿ ಚಿಂತಿಸು, ಸ್ವೀಕರಿಸು ಎಂದು ನಮ್ಮವನ್ನಾಗಿ ಮಾಡಿಕೊಂಡೆವು. ಹಿಂದೂಸ್ತಾನಿಯಿಂದ ಬಂದವನ್ನೂ ಬದಲಾಯಿಸು, ರವಾನಿಸು ಎಂದು ಒಳಗೆ ಕರೆದುಕೊಂಡೆವು. ಆದರೆ 'ಅಡ್ಜಸ್ಟಿಸು' ಎಂದವರನ್ನು ನಾನಂತೂ ಕಂಡಿಲ್ಲ. ಇಂಗ್ಲಿಷಿನ ಶಬ್ದವನ್ನು ಜಗುಲಿಯಲ್ಲೇ ಕೂರಿಸಿ, 'ಮಾಡು' ಅಥವಾ 'ಆಗು' ಎಂಬ ನಮ್ಮ ಆಳೊಬ್ಬನನ್ನು ಜೊತೆಗೆ ಕೊಟ್ಟು ಕಳುಹಿಸುತ್ತೇವೆ. ಈ ಆಳನ್ನು ನೋಡಿಯೇ ಅರ್ಥವನ್ನು ತಿಳಿಯಬೇಕು. ಹುಡುಗನಿಗೆ ಹೀಗೆ ಬರೆಸಿದೆ: ದರ್ಜಿಯು ರವಿಕೆಯ ತೋಳನ್ನು ಬಿಚ್ಚಿ ಹೊಲಿದರೆ ಅಡ್ಜಸ್ಟ್ ಮಾಡಿದ. ತೊಡುತ್ತ ತೊಡುತ್ತ ಬಟ್ಟೆ ತಾನಾಗಿಯೇ ಸಡಿಲವಾದರೆ ಅಡ್ಜಸ್ಟ್ ಆಯಿತು. ಎರಡೂ ಆಗದೆ ಬಿಗಿಯಾಗಿಯೇ ಉಳಿದರೆ, ಅದನ್ನು ತೊಟ್ಟವಳು ಅಡ್ಜಸ್ಟ್ ಮಾಡಿಕೊಂಡಳು.

ಈ 'ಕೊಳ್ಳು' ಬಹು ದೊಡ್ಡ ಪ್ರತ್ಯಯ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳುಹಿಸುವಾಗ "ಅನುಸರಿಸಿಕೊಂಡು ಹೋಗಮ್ಮ", "ಹೊಂದಿಕೊಂಡು ಬಾಳು" ಎನ್ನುತ್ತಿದ್ದರು. ಅಲ್ಲಿಯೂ ಅದೇ 'ಕೊಳ್ಳು'. ಇಂಗ್ಲಿಷ್ ಶಬ್ದ ಬಂದು ಮುಂದಿನ ಭಾಗವನ್ನು ಬದಲಾಯಿಸಿತೇ ವಿನಾ ಹಿಂದಿನದನ್ನು ಮುಟ್ಟಲಿಲ್ಲ.

ನನ್ನ ತಂಗಿಯ ಮಗಳಿಗೆ ಮದುವೆಯಾಗಿ ಎರಡು ವರ್ಷ. ಬನಶಂಕರಿಯಲ್ಲಿ ಅತ್ತೆಯ ಮನೆ, ಬೊಮ್ಮಸಂದ್ರದಲ್ಲಿ ಕೆಲಸ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಆರಂಭವಾದಾಗ, ಇನ್ನು ಸಂಜೆ ಬೇಗ ಬರಬಹುದೆಂದು ಹಿಗ್ಗಿದಳು. ಮೊದಲಿಗೆ ಇದ್ದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಒಂದು ತಪ್ಪಿದರೆ ಮನೆ ಸೇರುವುದು ಎಂಟೂವರೆ. ಮಾವನವರು ಎಂಟಕ್ಕೆ ಸರಿಯಾಗಿ ಎಲೆಯ ಮುಂದೆ ಕುಳಿತುಕೊಳ್ಳುವವರು. ಸೊಸೆ ಬಂದು ಬಡಿಸಬೇಕು. ಅತ್ತೆಯವರು ಕೆಟ್ಟವರಲ್ಲ, ಮೊಣಕಾಲು ನೋವಿನವರು. "ಹತ್ತಿರದಲ್ಲಿ ಎಲ್ಲಾದರೂ ಚಿಕ್ಕ ಕೆಲಸ ನೋಡಿಕೋಮ್ಮ. ಸ್ವಲ್ಪ ಅಡ್ಜಸ್ಟ್ ಮಾಡಿಕೊ" ಎಂದರಂತೆ. ಗಂಡನೂ ಅದನ್ನೇ ಎಂದ. ನನ್ನ ತಂಗಿಯೂ ಫೋನಿನಲ್ಲಿ ಅದನ್ನೇ ಎಂದಳು.

ಹುಡುಗಿ ನೇರವಾಗಿ ನಮ್ಮ ಮನೆಗೆ ಬಂದಳು. ಚಿಕ್ಕಂದಿನಲ್ಲಿ ನನ್ನ ಹತ್ತಿರವೇ ವ್ಯಾಕರಣ ಕಲಿತವಳು. "ದೊಡ್ಡಮ್ಮ, ಈ ವಾಕ್ಯದಲ್ಲಿ ಕರ್ತೃ ನಾನು, ಕ್ರಿಯೆ ಅಡ್ಜಸ್ಟ್. ಕರ್ಮ ಯಾವುದು?" ಎಂದಳು. ಹಿಂದೆಯೇ ಆಟೋದಲ್ಲಿ ಬಂದಿಳಿದ ನನ್ನ ತಂಗಿ ಬಾಗಿಲಲ್ಲೇ ನಿಂತು, "ನನ್ನ ಕರ್ಮ" ಎಂದು ಹಣೆ ಚಚ್ಚಿಕೊಂಡಳು. ನಕ್ಕವರು ನಾನು ಮತ್ತು ಕಾಫಿ ಕುಡಿಯುತ್ತಿದ್ದ ಬಿಹಾರದ ಹುಡುಗ. ಅವನಿಗೆ ಶ್ಲೇಷೆ ತಿಳಿಯಿತೆಂದು ನನಗೆ ಒಳಗೊಳಗೇ ಸಂತೋಷವಾಯಿತು.

ಪ್ರಶ್ನೆ ಮಾತ್ರ ನಗುವಂಥದಲ್ಲ. ಆ ವಾಕ್ಯದಲ್ಲಿ ಕರ್ಮಪದವಿಲ್ಲ. ಇಲ್ಲದೆ ಇರುವುದರಿಂದಲೇ ಅದು ಹೇಳುವವರಿಗೆ ಅಷ್ಟು ಸುಲಭ. ಏನನ್ನು, ಎಷ್ಟು, ಎಲ್ಲಿಯವರೆಗೆ ಎಂದು ಕೇಳಿದರೆ ಅವರೂ ಯೋಚಿಸಬೇಕಾಗುತ್ತದೆ. ಆರು ವರ್ಷ ದುಡಿದು ಸಂಪಾದಿಸಿದ ಹುದ್ದೆ 'ಸ್ವಲ್ಪ'ದೊಳಗೆ ಸೇರುವುದೇ? ಹೋಗಿ ಈ ಪ್ರಶ್ನೆಯನ್ನು ಅಲ್ಲಿಯೇ ಕೇಳು, ಆದರೆ ಊಟಕ್ಕೆ ಮುಂಚೆ ಬೇಡ, ಆದಮೇಲೆ ಕೇಳು ಎಂದು ಹೇಳಿ ಕಳುಹಿಸಿದೆ.

ಹದಿನೈದು ದಿನಗಳ ಮೇಲೆ ಸುದ್ದಿ ಬಂತು. ಉತ್ತರ ಹುಡುಕಿದವರು ಮಾವನವರೇ. ಅವರು ನಿವೃತ್ತ ಲೆಕ್ಕಿಗರು. ಲೆಕ್ಕದ ಪುಸ್ತಕದಲ್ಲಿ ಅಡ್ಜಸ್ಟ್ ಮಾಡುವಾಗ ಯಾವ ಬಾಬ್ತಿನಿಂದ ಯಾವುದಕ್ಕೆ ಎಂದು ಬರೆಯಲೇಬೇಕಷ್ಟೆ. ರಾತ್ರಿಯ ಊಟವನ್ನು ಎಂಟರಿಂದ ಎಂಟೂ ಮುಕ್ಕಾಲಿಗೆ ಸರಿಸಿದ್ದಾರೆ. ಸಾರನ್ನು ಬಿಸಿಮಾಡಿ ಮೇಜಿನ ಮೇಲಿಡುವುದು ಗಂಡನ ಪಾಲಿಗೆ ಬಂದಿದೆ. ಎರಡು ಸಲ ತಳ ಹಿಡಿಸಿದನಂತೆ, ಯಾರೂ ಮಾತಾಡಲಿಲ್ಲವಂತೆ. ಕೆಲಸ ಬಿಡುವ ಮಾತು ಸದ್ಯಕ್ಕೆ ನಿಂತಿದೆ.

ಬೆಳಗಿನ ಅಡಿಗೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಹುಡುಗಿ ಐದಕ್ಕೆ ಏಳುತ್ತಾಳೆ. ಅತ್ತೆಯವರು ಆಲೋಚಿಸುತ್ತಿದ್ದಾರಂತೆ.